42ರಲ್ಲಿ 41: ಮಿಸಿಸಿಪ್ಪಿಯ ಒಂದು ಮೊಕದ್ದಮೆಯಲ್ಲಿ ಜ್ಯೂರಿ ಆರಿಸಿದ ಬಗೆ

2010ರ ಜೂನ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವಿನೋನಾ ಎಂಬ ಪುಟ್ಟ ಊರಿನಲ್ಲಿ ಒಂದು ಕೊಲೆ ಮೊಕದ್ದಮೆಗೆ ಜ್ಯೂರಿಯ, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ 12 ಮಂದಿ ಸಾಮಾನ್ಯ ನಾಗರಿಕರ, ಆಯ್ಕೆ ನಡೆಯಿತು. ಸರ್ಕಾರದ ಪರ ವಕೀಲರು ಐವರು ಕಪ್ಪು ವರ್ಣೀಯರನ್ನು ಬೇಡವೆಂದು ಹೊರಗೆ ಕಳಿಸಿದರು. ಕಳಿಸುವ ಮೊದಲು ಆ ಐವರಿಗೆ ಒಟ್ಟು 145 ಪ್ರಶ್ನೆ ಕೇಳಿದ್ದರು. ಜ್ಯೂರಿಯಲ್ಲಿ ಕೂರಿಸಿಕೊಂಡ 11 ಮಂದಿ ಬಿಳಿಯರಿಗೆ ಕೇಳಿದ್ದು ಎಲ್ಲಾ ಸೇರಿ 12 ಪ್ರಶ್ನೆ. ಅಂದರೆ ಆ ಕಡೆ ತಲೆಗೆ 29, ಈ ಕಡೆ ತಲೆಗೆ ಒಂದು ಚಿಲ್ಲರೆ. ವಿಚಾರಣೆ ಮುಗಿದ ಮೇಲೆ ಆ ಜ್ಯೂರಿ ಸುಮಾರು ಅರ್ಧ ಗಂಟೆಯಲ್ಲಿ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯ ಆರೋಪಿ ತಪ್ಪಿತಸ್ಥ ಎಂದು ತೀರ್ಮಾನಿಸಿತು. ಶಿಕ್ಷೆ ಮರಣದಂಡನೆ.

ಅದು ಫ್ಲವರ್ಸ್ ಅವರ ಆರನೆಯ ವಿಚಾರಣೆ. ಅದೇ ಆರೋಪ, ಅದೇ ಆರೋಪಿ, ಸರ್ಕಾರದ ಪರ ಮೊಕದ್ದಮೆ ನಡೆಸುವ ಅದೇ ಡಿಸ್ಟ್ರಿಕ್ಟ್ ಅಟಾರ್ನಿ ಡಗ್ ಇವಾನ್ಸ್. 1997ರಿಂದ 2010ರವರೆಗೆ ಆರು ಬಾರಿ.

ಅಮೆರಿಕದ ಕೋರ್ಟುಗಳಲ್ಲಿ ವರ್ಣಭೇದ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಬಾಯಿಗೆ ಬಂದಂತೆ ಬೈಯುವ ಪೊಲೀಸ್, ಮುಖ ನೋಡಿ ಶಿಕ್ಷೆ ಕೊಡುವ ನ್ಯಾಯಾಧೀಶ. ಅಂಥವರೂ ಇದ್ದರು, ಇದ್ದಾರೆ. ಆದರೆ ಫ್ಲವರ್ಸ್ ಕಡತವನ್ನು ಪುಟ ಪುಟವಾಗಿ ಓದಿದರೆ ಎಲ್ಲೂ ಒಂದು ಬೈಗುಳ ಸಿಗುವುದಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡುತ್ತಾರೆ. ಪ್ರತಿ ಹಂತಕ್ಕೂ ಕಾನೂನಿನ ಒಪ್ಪಿಗೆ ಇದೆ, ಪ್ರತಿ ನಿರ್ಧಾರಕ್ಕೂ ಒಂದು ಕಾರಣ ಬರೆದಿಟ್ಟಿದೆ. ಹಾಗಿದ್ದೂ ಒಬ್ಬ ಮನುಷ್ಯ ಹೆಚ್ಚುಕಡಿಮೆ 23 ವರ್ಷ ಜೈಲಿನಲ್ಲಿ ಕಳೆದ. ಪೂರ್ವಗ್ರಹ ಕಾರ್ಯವಿಧಾನದ ಯಾವ ಸಂದಿಯಲ್ಲಿ ಕೂರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

1996ರ ಜುಲೈ 16ರ ಬೆಳಿಗ್ಗೆ ವಿನೋನಾದ ಒಂದು ಪೀಠೋಪಕರಣ ಅಂಗಡಿಯಲ್ಲಿ ನಾಲ್ವರನ್ನು ಗುಂಡಿಟ್ಟು ಕೊಲ್ಲಲಾಯಿತು: ಅಂಗಡಿಯ ಒಡತಿ ಮತ್ತು ಮೂವರು ಕೆಲಸಗಾರರು. ಅವರಲ್ಲಿ ಒಬ್ಬನಿಗೆ ಇನ್ನೂ 16 ವರ್ಷ. ಸತ್ತವರಲ್ಲಿ ಮೂವರು ಬಿಳಿಯರು, ಒಬ್ಬರು ಕಪ್ಪು ವರ್ಣೀಯರು. ಫ್ಲವರ್ಸ್ ಆ ಅಂಗಡಿಯಲ್ಲಿ ಕೆಲವೇ ದಿನ ಕೆಲಸ ಮಾಡಿ, ಅಲ್ಲಿಂದ ತೆಗೆದುಹಾಕಿಸಿಕೊಂಡಿದ್ದರು. ಅವರ ಮೇಲೆ ಹಿಂದೆ ಯಾವ ಅಪರಾಧದ ದಾಖಲೆಯೂ ಇರಲಿಲ್ಲ. ಬಂಧನವಾದದ್ದು ಆರು ತಿಂಗಳ ನಂತರ, 1997ರ ಜನವರಿಯಲ್ಲಿ.

ಸರ್ಕಾರದ ಬಳಿ ಇದ್ದ ಸಾಕ್ಷ್ಯ ಏನು? ಕೊಲೆಗೆ ಬಳಸಿದ ಪಿಸ್ತೂಲು ಕಡೆಗೂ ಸಿಗಲಿಲ್ಲ. ಫ್ಲವರ್ಸ್ ಕೈಯ ಮೇಲೆ ಸಿಡಿಮದ್ದಿನ ಒಂದೇ ಒಂದು ಕಣ ಸಿಕ್ಕಿತು. ಪೊಲೀಸ್ ಗಾಡಿಯಲ್ಲಿ, ಠಾಣೆಯ ಕುರ್ಚಿಯಲ್ಲಿ ಕೂತರೂ ಅಂಟಬಹುದಾದಷ್ಟು ಸಣ್ಣ ಗುರುತು ಅದು. ಆ ದಿನ ಬೆಳಿಗ್ಗೆ ಫ್ಲವರ್ಸ್ ಇಂಥ ಬೀದಿಯಲ್ಲಿ ನಡೆದು ಹೋಗುತ್ತಿದ್ದರು ಎಂದು ಹೇಳುವ ಸಾಕ್ಷಿಗಳಿದ್ದರು. ಆದರೆ ಅವರಲ್ಲಿ ಹಲವರ ಹೇಳಿಕೆ ತೆಗೆದುಕೊಂಡದ್ದು ವಾರಗಳು, ತಿಂಗಳುಗಳು ಕಳೆದ ಮೇಲೆ. ಅಷ್ಟರೊಳಗೆ 30,000 ಡಾಲರ್ ಬಹುಮಾನದ ಸುದ್ದಿ ಊರೆಲ್ಲ ಹರಡಿತ್ತು. ಸಾಧಾರಣ ಒಂದು ಮಂಗಳವಾರ ಬೆಳಿಗ್ಗೆ ರಸ್ತೆಯಲ್ಲಿ ಯಾರು ಹೋದರು, ಯಾವ ಬಣ್ಣದ ಬಟ್ಟೆ ತೊಟ್ಟಿದ್ದರು ಎಂದು ತಿಂಗಳುಗಳ ಮೇಲೆ ಯಾರಿಗೆ ನೆನಪಿರುತ್ತದೆ? ಇನ್ನು ಉಳಿದದ್ದು ಜೈಲಿನ ಸಹಕೈದಿ: 'ಕೊಲೆ ಮಾಡಿದ್ದಾಗಿ ಫ್ಲವರ್ಸ್ ನನ್ನ ಹತ್ತಿರ ಒಪ್ಪಿಕೊಂಡ' ಎಂದು ಸಾಕ್ಷಿ ಹೇಳಿದವನು. 2018ರಲ್ಲಿ ಆತ ತಾನು ಹೇಳಿದ್ದು ಸುಳ್ಳೆಂದು ಪತ್ರಕರ್ತರ ಮುಂದೆ ಒಪ್ಪಿಕೊಂಡ.

ಇಂಥ ಸಾಕ್ಷ್ಯ ಗಟ್ಟಿಯೋ ಟೊಳ್ಳೋ ಎಂದು ತೂಗುವವರು ಜ್ಯೂರಿಯಲ್ಲಿ ಕೂತವರು. ಹಾಗಾಗಿ ಅಲ್ಲಿ ಯಾರು ಕೂರುತ್ತಾರೆ ಎನ್ನುವುದರ ಮೇಲೇ ಎಲ್ಲವೂ ನಿಂತಿದೆ.

ಭಾರತದಲ್ಲಿ ಜ್ಯೂರಿ ಪದ್ಧತಿ ಇಲ್ಲವಾಗಿ ದಶಕಗಳೇ ಕಳೆದಿವೆ. 1959ರ ನಾನಾವತಿ ಮೊಕದ್ದಮೆಯ ಗದ್ದಲದ ನಂತರ ಅದು ಕ್ರಮೇಣ ಮರೆಯಾಯಿತು, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದ್ದರಿಂದ ಅಮೆರಿಕದಲ್ಲಿ ಜ್ಯೂರಿಯನ್ನು ಆರಿಸುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲಿಗೆ ಮತದಾರರ ಪಟ್ಟಿಯಿಂದ ಒಂದಿಷ್ಟು ಜನರಿಗೆ ಸಮನ್ಸ್ ಹೋಗುತ್ತದೆ. ಬಂದವರನ್ನು ನ್ಯಾಯಾಧೀಶರೂ ಎರಡೂ ಕಡೆಯ ವಕೀಲರೂ ಪ್ರಶ್ನಿಸುತ್ತಾರೆ: ಆರೋಪಿ ಗೊತ್ತೇ, ಸತ್ತವರ ಕಡೆಯವರು ಗೊತ್ತೇ, ಪ್ರಕರಣದ ಬಗ್ಗೆ ಈಗಾಗಲೇ ಏನಾದರೂ ತೀರ್ಮಾನ ಮಾಡಿಕೊಂಡಿದ್ದೀರಾ? ಪಕ್ಷಪಾತ ಎದ್ದು ಕಂಡವರನ್ನು ನ್ಯಾಯಾಧೀಶರು ಸಕಾರಣವಾಗಿ ಕೈಬಿಡುತ್ತಾರೆ. ಹೀಗೆ ಬಿಡುವುದಕ್ಕೆ ಮಿತಿ ಇಲ್ಲ. ಮರಣದಂಡನೆ ಕೇಳಿರುವ ಮೊಕದ್ದಮೆಯಲ್ಲಿ ಇನ್ನೊಂದು ಜರಡಿ ಇದೆ. 'ಎಂಥ ಸಂದರ್ಭದಲ್ಲೂ ನಾನು ಮರಣದಂಡನೆಗೆ ಒಪ್ಪುವವನಲ್ಲ' ಎನ್ನುವವರನ್ನು ಜ್ಯೂರಿಗೆ ಸೇರಿಸುವಂತಿಲ್ಲ. ಮರಣದಂಡನೆಯನ್ನು ವಿರೋಧಿಸುವವರ ಪ್ರಮಾಣ ಕಪ್ಪು ವರ್ಣೀಯರಲ್ಲಿ ಬಿಳಿಯರಿಗಿಂತ ಹೆಚ್ಚು. ಯಾರೂ ಬಣ್ಣದ ಮಾತೆತ್ತದೆ ಇದ್ದರೂ ಈ ಜರಡಿಯಲ್ಲಿ ಅವರೇ ಹೆಚ್ಚಾಗಿ ಆಚೆ ಬೀಳುತ್ತಾರೆ.

ಇಷ್ಟಾದ ಮೇಲೆ ಉಳಿದವರಲ್ಲಿ ಎರಡೂ ಕಡೆಯವರಿಗೆ ತಮಗೆ ಬೇಡವಾದ ಇಂತಿಷ್ಟು ಜನರನ್ನು ಕಾರಣವೇ ಹೇಳದೆ ಹೊರಗೆ ಕಳಿಸುವ ಹಕ್ಕಿದೆ. ಇದನ್ನು ಪೆರೆಂಪ್ಟರಿ ಸ್ಟ್ರೈಕ್ ಅನ್ನುತ್ತಾರೆ. ಮುಖ ಹಿಡಿಸಲಿಲ್ಲ, ಕೂತ ಭಂಗಿ ಹಿಡಿಸಲಿಲ್ಲ, ಸಾಕು. ಕೇಳುವವರಿಲ್ಲ.

ಕಪ್ಪು ವರ್ಣೀಯರನ್ನು ಜ್ಯೂರಿಯಿಂದ ಕಾನೂನಿನ ಮೂಲಕ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1880ರಷ್ಟು ಹಿಂದೆಯೇ ಹೇಳಿತ್ತು. ಆಮೇಲಿನ ನೂರು ವರ್ಷ ಆ ತೀರ್ಪನ್ನು ಬದಿಗೆ ಸರಿಸುವ ಉಪಾಯಗಳ ಕಾಲ. ಮತದಾನದ ಹಕ್ಕನ್ನೇ ಕಿತ್ತುಕೊಂಡರೆ ಮತದಾರರ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ, ಪಟ್ಟಿಯಲ್ಲಿಲ್ಲದವರಿಗೆ ಸಮನ್ಸ್ ಬರುವುದಿಲ್ಲ. ಲೂಸಿಯಾನಾ 1898ರಲ್ಲಿ ಇನ್ನೊಂದು ದಾರಿ ಹುಡುಕಿತು: 12 ಮಂದಿಯೂ ಒಪ್ಪಬೇಕಿಲ್ಲ, ಒಂಬತ್ತು ಮಂದಿ ಒಪ್ಪಿದರೆ ಸಾಕು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದುಕೊಂಡಿತು. ಒಬ್ಬಿಬ್ಬರು ಕಪ್ಪು ವರ್ಣೀಯರು ಒಳಗೆ ಬಂದರೂ ಅವರ ಮಾತಿಗೆ ಬೆಲೆ ಇರಬಾರದು ಎಂಬುದೇ ಅದರ ಹಿಂದಿನ ಲೆಕ್ಕ. ಮುಂದೆ ಒಂಬತ್ತು ಹತ್ತಾಯಿತು. ಒಮ್ಮತವಿಲ್ಲದ ಶಿಕ್ಷೆ ಸಲ್ಲದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2020ರಲ್ಲಿ.

ಕಾನೂನಿನ ಬಾಗಿಲು ಮುಚ್ಚಿದ ಕಡೆಯಲ್ಲೆಲ್ಲ ಉಳಿದದ್ದು ಈ ಪೆರೆಂಪ್ಟರಿ ಸ್ಟ್ರೈಕ್. ಇದಕ್ಕೆ ಕಡಿವಾಣ ಹಾಕಲು ಬಂದದ್ದು 1986ರ ಬ್ಯಾಟ್ಸನ್ ತೀರ್ಪು. ಕೆಂಟಕಿಯ ಜೇಮ್ಸ್ ಬ್ಯಾಟ್ಸನ್ ಮೇಲೆ ಕಳ್ಳತನದ ಮೊಕದ್ದಮೆ ಇತ್ತು. ಜ್ಯೂರಿಗೆ ಬಂದಿದ್ದ ನಾಲ್ವರು ಕಪ್ಪು ವರ್ಣೀಯರನ್ನೂ ಪ್ರಾಸಿಕ್ಯೂಟರ್ (ಸರ್ಕಾರದ ಪರ ವಕೀಲರು) ಹೊರಗೆ ಕಳಿಸಿದ್ದರು. ಬಣ್ಣ ನೋಡಿ ಹೀಗೆ ಮಾಡುವಂತಿಲ್ಲ ಎಂದ ಸುಪ್ರೀಂ ಕೋರ್ಟ್, ಅದನ್ನು ಪರೀಕ್ಷಿಸಲು ಮೂರು ಹೆಜ್ಜೆ ಹಾಕಿಕೊಟ್ಟಿತು. ಆರೋಪಿಯ ವಕೀಲರು ಆಕ್ಷೇಪ ಎತ್ತಿ, ಇಲ್ಲಿ ತಾರತಮ್ಯದ ವಾಸನೆ ಇದೆ ಎಂದು ಮೇಲ್ನೋಟಕ್ಕೆ ತೋರಿಸಬೇಕು. ಆಗ ಪ್ರಾಸಿಕ್ಯೂಟರ್ ಬಣ್ಣಕ್ಕೆ ಸಂಬಂಧವಿಲ್ಲದ ಒಂದು ಕಾರಣ ಕೊಡಬೇಕು. ಆ ಕಾರಣ ನಿಜವೋ ನೆಪವೋ ಎಂದು ವಿಚಾರಣಾ ನ್ಯಾಯಾಧೀಶರು ತೀರ್ಮಾನಿಸಬೇಕು.

ಕಾಗದದ ಮೇಲೆ ಚೆನ್ನಾಗಿದೆ. ಕೆಡುವುದು ಎರಡನೆಯ ಹೆಜ್ಜೆಯಲ್ಲಿ. 1995ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ ಹಂತದಲ್ಲಿ ಕೊಡುವ ಕಾರಣ ನಂಬುವಂತಿರಬೇಕೆಂದೇನೂ ಇಲ್ಲ, ಬಣ್ಣದ ಮಾತು ಇಲ್ಲದಿದ್ದರೆ ಸಾಕು ಎಂದಿತು. ಆ ಮೊಕದ್ದಮೆಯಲ್ಲಿ ಪ್ರಾಸಿಕ್ಯೂಟರ್ ಕೊಟ್ಟಿದ್ದ ಕಾರಣ, ಆ ಮನುಷ್ಯನ ಉದ್ದ ಕೂದಲು ಮತ್ತು ಗಡ್ಡ! ಅದೇ ವರ್ಷ ಉತ್ತರ ಕ್ಯಾರೊಲೈನಾದಲ್ಲಿ ಪ್ರಾಸಿಕ್ಯೂಟರುಗಳ ತರಬೇತಿಯಲ್ಲಿ ಒಂದು ಹಾಳೆ ಹಂಚಿದರು. ಬ್ಯಾಟ್ಸನ್ ಆಕ್ಷೇಪ ಬಂದರೆ ಹೇಳಬಹುದಾದ ಕಾರಣಗಳ ಸಿದ್ಧ ಪಟ್ಟಿ ಅದು: ಉಡುಪು ಸರಿಯಿಲ್ಲ, ಧೋರಣೆ ಸರಿಯಿಲ್ಲ, ಹಾವಭಾವ ಸರಿಯಿಲ್ಲ. ಕಾರಣ ಮೊದಲೇ ಸಿದ್ಧವಿದ್ದರೆ ಮನುಷ್ಯನನ್ನು ನೋಡುವ ಅಗತ್ಯವಾದರೂ ಏನು?

ಮೂರನೆಯ ಹೆಜ್ಜೆಯಲ್ಲಿ ತೊಡಕು ಬೇರೆ ಬಗೆಯದು. ಕಾರಣ ನೆಪವೆಂದು ಹೇಳುವುದೆಂದರೆ, ದಿನಬೆಳಗಾದರೆ ತನ್ನ ಮುಂದೆ ನಿಲ್ಲುವ ಸರ್ಕಾರಿ ವಕೀಲರನ್ನು ತೆರೆದ ಕೋರ್ಟಿನಲ್ಲಿ 'ನೀವು ಸುಳ್ಳು ಹೇಳುತ್ತಿದ್ದೀರಿ, ವರ್ಣಭೇದ ಮಾಡುತ್ತಿದ್ದೀರಿ' ಎಂದು ನ್ಯಾಯಾಧೀಶರು ಹೇಳಿದಂತೆ. ಎಷ್ಟು ಮಂದಿ ಹೇಳುತ್ತಾರೆ? ಬ್ಯಾಟ್ಸನ್ ತೀರ್ಪು ಬಂದ ದಿನವೇ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಈ ಪರೀಕ್ಷೆ ಸಾಲದು, ಪೆರೆಂಪ್ಟರಿ ಸ್ಟ್ರೈಕನ್ನೇ ತೆಗೆದುಹಾಕಬೇಕು ಎಂದು ಬರೆದಿದ್ದರು. ಅವರ ಮಾತು ಅಕ್ಷರಶಃ ನಿಜವಾಯಿತು. ಜಾರ್ಜಿಯಾದ ಒಂದು ಪ್ರಕರಣದಲ್ಲಂತೂ ಎಷ್ಟೋ ವರ್ಷಗಳ ನಂತರ ಪ್ರಾಸಿಕ್ಯೂಷನ್ನಿನ ಟಿಪ್ಪಣಿಗಳೇ ಹೊರಬಂದವು: ಜ್ಯೂರಿ ಪಟ್ಟಿಯಲ್ಲಿ ಕಪ್ಪು ವರ್ಣೀಯರ ಹೆಸರಿಗೆಲ್ಲ ಹಸಿರು ಬಣ್ಣ ಬಳಿದು, ಪಕ್ಕದಲ್ಲಿ 'ಬ್ಲ್ಯಾಕ್' ಎಂಬುದರ ಮೊದಲ ಅಕ್ಷರ 'ಬಿ' ಬರೆದಿತ್ತು. 1987ರಲ್ಲಿ ನಡೆದ ಆ ವಿಚಾರಣೆಯ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2016ರಲ್ಲಿ. ಅಂಥ ಹಾಳೆ ಕೈಗೆ ಸಿಗುವುದು ಅಪರೂಪದಲ್ಲಿ ಅಪರೂಪ.

ಈಗ ಫ್ಲವರ್ಸ್ ಅವರ ಆರು ವಿಚಾರಣೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ.

ಮೊದಲನೆಯದರಲ್ಲಿ ಅಂತಿಮ ಸುತ್ತಿಗೆ ಉಳಿದ ಕಪ್ಪು ವರ್ಣೀಯರು ಐವರು. ಐವರನ್ನೂ ಪ್ರಾಸಿಕ್ಯೂಷನ್ ಹೊಡೆದುಹಾಕಿತು, ಅಂದರೆ ಸ್ಟ್ರೈಕ್ ಬಳಸಿ ಹೊರಗೆ ಕಳಿಸಿತು. ಜ್ಯೂರಿ ಪೂರ್ತಿ ಬಿಳಿಯರದು, ಮರಣದಂಡನೆ. ಎರಡನೆಯದರಲ್ಲೂ ಐವರು, ಐವರನ್ನೂ ಹೊಡೆಯಲು ಹೊರಟರು. ಒಬ್ಬರ ವಿಷಯದಲ್ಲಿ ಕೊಟ್ಟ ಕಾರಣ ಬರೀ ನೆಪ ಎಂದು ನ್ಯಾಯಾಧೀಶರೇ ತಡೆದರು. 11 ಬಿಳಿಯರು, ಒಬ್ಬ ಕಪ್ಪು ವರ್ಣೀಯ, ಮತ್ತೆ ಮರಣದಂಡನೆ. ಈ ಎರಡನ್ನೂ ಮಿಸಿಸಿಪ್ಪಿಯ ಸುಪ್ರೀಂ ಕೋರ್ಟ್ ಪ್ರಾಸಿಕ್ಯೂಟರ್ ವಿಚಾರಣೆ ನಡೆಸಿದ ರೀತಿಯ ತಪ್ಪುಗಳಿಗಾಗಿ ರದ್ದು ಮಾಡಿತು.

ಮೂರನೆಯದು 2004ರಲ್ಲಿ. ಈ ಬಾರಿ 16 ಮಂದಿ ಕಪ್ಪು ವರ್ಣೀಯರು ಉಳಿದಿದ್ದರು. ಪ್ರಾಸಿಕ್ಯೂಷನ್ ಬಳಿ ಇದ್ದ ಸ್ಟ್ರೈಕ್ 15. ಹದಿನೈದನ್ನೂ ಕಪ್ಪು ವರ್ಣೀಯರ ಮೇಲೆಯೇ ಬಳಸಿ ಮುಗಿಸಿದರು. ಹದಿನಾರನೆಯವರು ಒಳಗೆ ಬಂದದ್ದು ಸ್ಟ್ರೈಕ್ ಖಾಲಿಯಾದ್ದರಿಂದ. ಮತ್ತೆ ಮರಣದಂಡನೆ. ಬ್ಯಾಟ್ಸನ್ ಪ್ರಕರಣಗಳಲ್ಲಿ ತಾರತಮ್ಯ ಇಷ್ಟು ಬಲವಾಗಿ ಎದ್ದು ಕಂಡದ್ದನ್ನು ತಾನು ಹಿಂದೆಂದೂ ನೋಡಿಲ್ಲ ಎಂದು ಬರೆದು ರಾಜ್ಯದ ಸುಪ್ರೀಂ ಕೋರ್ಟ್ 2007ರಲ್ಲಿ ಇದನ್ನೂ ರದ್ದು ಮಾಡಿತು.

ನಾಲ್ಕನೆಯದರಲ್ಲಿ 11 ಸ್ಟ್ರೈಕ್, ಹನ್ನೊಂದೂ ಕಪ್ಪು ವರ್ಣೀಯರ ಮೇಲೆ. ಆದರೆ ಪಟ್ಟಿಯಲ್ಲಿ 16 ಮಂದಿ ಇದ್ದುದರಿಂದ ಐವರು ಜ್ಯೂರಿಯಲ್ಲಿ ಕೂತರು. ಫಲ ಏನಾಯಿತು? ಏಳು ಮಂದಿ ಬಿಳಿಯರು ತಪ್ಪಿತಸ್ಥ ಎಂದರು, ಐವರು ಕಪ್ಪು ವರ್ಣೀಯರು ಅಲ್ಲ ಎಂದರು. ತೀರ್ಪಿಲ್ಲದೆ ವಿಚಾರಣೆ ಮುರಿದುಬಿತ್ತು. ಐದನೆಯದರಲ್ಲಿ ಒಂಬತ್ತು ಬಿಳಿಯರು, ಮೂವರು ಕಪ್ಪು ವರ್ಣೀಯರು. ಒಬ್ಬರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ಮತ್ತೆ ಮುರಿದುಬಿತ್ತು. ಒಪ್ಪದೆ ನಿಂತ ಆ ಕಪ್ಪು ವರ್ಣೀಯ ಜ್ಯೂರಿ ಸದಸ್ಯರನ್ನು ನ್ಯಾಯಾಧೀಶರು ಅಲ್ಲೇ ಸುಳ್ಳು ಪ್ರಮಾಣದ ಆರೋಪದ ಮೇಲೆ ಬಂಧಿಸಲು ಹೇಳಿದರು. ಮುಂದೆ ಆ ಆರೋಪವನ್ನು ಕೈಬಿಡಲಾಯಿತು. ಆದರೆ ಒಂದು ಕ್ಷಣ ಯೋಚಿಸಿ: ಆರನೆಯ ವಿಚಾರಣೆಗೆ ಸಮನ್ಸ್ ಬಂದ ಅದೇ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ಕಪ್ಪು ವರ್ಣೀಯರಿಗೆ ಆ ಬಂಧನ ಏನು ಹೇಳಿತು?

ಆರನೆಯದರಲ್ಲಿ ಕಪ್ಪು ವರ್ಣೀಯರು ಆರು ಮಂದಿ. ಮೊದಲನೆಯವರನ್ನು ಪ್ರಾಸಿಕ್ಯೂಷನ್ ಒಪ್ಪಿಕೊಂಡಿತು, ಉಳಿದ ಐವರನ್ನು ಹೊಡೆದುಹಾಕಿತು. ಕೌಂಟಿಯ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 45 ಮಂದಿ ಕಪ್ಪು ವರ್ಣೀಯರು, ಜ್ಯೂರಿಯಲ್ಲಿ ಹನ್ನೆರಡಕ್ಕೆ ಒಬ್ಬರು.

ಮೇಲೆ ಹೇಳಿದ 145 ಪ್ರಶ್ನೆಗಳ ಗುಟ್ಟು ಇಲ್ಲಿದೆ. ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬರನ್ನು ಹಿಡಿದು 'ಇವರು ಗೊತ್ತೇ? ಎಷ್ಟು ದಿನದಿಂದ? ಒಟ್ಟಿಗೆ ಕೆಲಸ ಮಾಡಿದ್ದೀರಾ? ಮನೆಗೆ ಹೋಗುತ್ತೀರಾ?' ಎಂದು ಕೆದಕುತ್ತಾ ಹೋದರೆ ಹೊರಗೆ ಕಳಿಸಲು ಸಾಕಾಗುವಷ್ಟು ಕಾರಣ ಸಿಕ್ಕೇ ಸಿಗುತ್ತದೆ. ಪ್ರಶ್ನೆಯನ್ನೇ ಕೇಳದವರ ಬಗ್ಗೆ ದಾಖಲೆಯಲ್ಲಿ ಏನೂ ಇರುವುದಿಲ್ಲ, ಆದ್ದರಿಂದ ಅವರು ಶುದ್ಧ. ಹೊರಹಾಕಿದ ಒಬ್ಬ ಮಹಿಳೆಗೆ ಸಾಕ್ಷಿಗಳ ಪಟ್ಟಿಯಲ್ಲಿದ್ದ ಹಲವರು ಗೊತ್ತು ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಜ್ಯೂರಿಯಲ್ಲಿ ಉಳಿಸಿಕೊಂಡ ಬಿಳಿಯರಿಗೂ ಸಾಕ್ಷಿಗಳಲ್ಲಿ ಅನೇಕರು ಗೊತ್ತಿದ್ದರು. ಅವರನ್ನು ಕೆದಕಲಿಲ್ಲ, ಅಷ್ಟೇ ವ್ಯತ್ಯಾಸ. ಕೊಟ್ಟ ಕಾರಣಗಳಲ್ಲಿ ಕೆಲವು ದಾಖಲೆಗೆ ಹೊಂದದ, ತಪ್ಪು ಹೇಳಿಕೆಗಳಾಗಿದ್ದವು.

2019ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಈ ಆರನೆಯ ತೀರ್ಪನ್ನೂ ರದ್ದು ಮಾಡಿತು. ಬಹುಮತದ ತೀರ್ಪು ಬರೆದವರು ಸಂಪ್ರದಾಯವಾದಿ ಎಂದೇ ಹೆಸರಾದ ನ್ಯಾಯಮೂರ್ತಿ ಬ್ರೆಟ್ ಕೆವನಾ. ಕೈಯಲ್ಲಿದ್ದ ಸ್ಟ್ರೈಕುಗಳಿಂದ ಹೊಡೆಯಲು ಸಾಧ್ಯವಿದ್ದ 42 ಕಪ್ಪು ವರ್ಣೀಯರಲ್ಲಿ 41 ಮಂದಿಯ ಮೇಲೆ ಪ್ರಾಸಿಕ್ಯೂಷನ್ ಸ್ಟ್ರೈಕ್ ಬಳಸಿದೆ ಎಂಬ ಲೆಕ್ಕ ಆ ತೀರ್ಪಿನಲ್ಲಿದೆ. ಫ್ಲವರ್ಸ್ ಅದೇ ಡಿಸೆಂಬರ್‌ನಲ್ಲಿ ಜಾಮೀನಿನ ಮೇಲೆ ಹೊರಬಂದರು. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಆರೋಪಗಳನ್ನು ಶಾಶ್ವತವಾಗಿ ಕೈಬಿಟ್ಟಿತು. ಮಿಸಿಸಿಪ್ಪಿಯ ಕಾನೂನಿನಲ್ಲಿ ತಪ್ಪಾಗಿ ಜೈಲಿಗೆ ಹಾಕಿದ್ದಕ್ಕೆ ವರ್ಷಕ್ಕೆ 50,000 ಡಾಲರ್ ಪರಿಹಾರ, ಅದೂ 10 ವರ್ಷಕ್ಕೆ ಸೀಮಿತ. ಹೀಗೆ 23 ವರ್ಷಕ್ಕೆ ಸಿಕ್ಕಿದ್ದು ಐದು ಲಕ್ಷ ಡಾಲರ್. ಇನ್ನು ಪ್ರಾಸಿಕ್ಯೂಟರ್ ಮೇಲೆ ಪರಿಹಾರದ ದಾವೆ ಹೂಡೋಣವೆಂದರೆ, ವಿಚಾರಣೆಯ ಕೆಲಸಕ್ಕಾಗಿ ಅವರಿಗೆ ಪೂರ್ಣ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿಬಿಟ್ಟಿದೆ. ಆ ನಾಲ್ವರನ್ನು ಕಳೆದುಕೊಂಡ ಮನೆಯವರೂ ಆರು ಬಾರಿ ಕೋರ್ಟಿನ ಬೆಂಚಿನ ಮೇಲೆ ಕೂತು ಅದೇ ವಿವರಗಳನ್ನು ಕೇಳಬೇಕಾಯಿತು. ತಪ್ಪು ದಾರಿಯಲ್ಲಿ ಸಾಗಿದ ಮೊಕದ್ದಮೆ ಅವರಿಗೂ ಏನನ್ನೂ ಕೊಡಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಜ್ಯೂರಿಯ ಬಣ್ಣ ಬದಲಾದರೆ ಸತ್ಯ ಬದಲಾಗುತ್ತದೆಯೇ? ಸತ್ಯ ಬದಲಾಗುವುದಿಲ್ಲ, ಅದನ್ನು ಎಷ್ಟು ಹೊತ್ತು, ಎಷ್ಟು ಗಂಭೀರವಾಗಿ ಹುಡುಕುತ್ತಾರೆ ಎಂಬುದು ಬದಲಾಗುತ್ತದೆ. ಫ್ಲೋರಿಡಾದ ಎರಡು ಕೌಂಟಿಗಳ 700ಕ್ಕೂ ಹೆಚ್ಚು ವಿಚಾರಣೆಗಳನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಜ್ಯೂರಿಗೆ ಕರೆದವರ ಗುಂಪಿನಲ್ಲಿ ಒಬ್ಬ ಕಪ್ಪು ವರ್ಣೀಯರೂ ಇಲ್ಲದಿದ್ದಾಗ ಕಪ್ಪು ವರ್ಣೀಯ ಆರೋಪಿಗಳಲ್ಲಿ ನೂರಕ್ಕೆ 81 ಮಂದಿಗೆ, ಬಿಳಿಯ ಆರೋಪಿಗಳಲ್ಲಿ 66 ಮಂದಿಗೆ ಶಿಕ್ಷೆಯಾಗಿತ್ತು. ಗುಂಪಿನಲ್ಲಿ ಒಬ್ಬ ಕಪ್ಪು ವರ್ಣೀಯ ಇದ್ದರೂ ಸಾಕು, ಈ ಅಂತರ ಇಲ್ಲವಾಗುತ್ತಿತ್ತು. 2006ರ ಇನ್ನೊಂದು ಪ್ರಯೋಗದಲ್ಲಿ ಆರು ಜನರ ಅಣಕು ಜ್ಯೂರಿಗಳನ್ನು ಕೂರಿಸಿ ನೋಡಿದರು. ಎರಡೂ ಬಣ್ಣದವರಿದ್ದ ಗುಂಪುಗಳು ಹೆಚ್ಚು ಹೊತ್ತು ಚರ್ಚಿಸಿದವು, ಹೆಚ್ಚು ಸಂಗತಿಗಳನ್ನು ಎತ್ತಿದವು, ಕಡಿಮೆ ತಪ್ಪು ಮಾಡಿದವು. ಆ ಗುಂಪುಗಳಲ್ಲಿ ಹೆಚ್ಚು ಎಚ್ಚರದಿಂದ ಮಾತಾಡಿದವರಲ್ಲಿ ಬಿಳಿಯರೂ ಇದ್ದರು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ಜ್ಯೂರಿ ತಲುಪುವ ಮೊದಲೇ ತಪ್ಪು ಆಗಿಹೋಗಿರುವ ಪ್ರಕರಣಗಳೂ ಬಹಳ. ಅದರಲ್ಲಿ ಮೊದಲನೆಯದು ಗುರುತು ಹಿಡಿಯುವುದು. ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡರಷ್ಟರಲ್ಲಿ ಪ್ರತ್ಯಕ್ಷ ಸಾಕ್ಷಿ ತಪ್ಪಾಗಿ ಗುರುತು ಹಿಡಿದದ್ದು ಕಾರಣಗಳಲ್ಲಿ ಒಂದು. ಉತ್ತರ ಕ್ಯಾರೊಲೈನಾದ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ ಅತ್ಯಾಚಾರಕ್ಕೊಳಗಾದ 22 ವರ್ಷದ ಬಿಳಿಯ ವಿದ್ಯಾರ್ಥಿನಿ, ಆ ಸ್ಥಿತಿಯಲ್ಲೂ ಅವನ ಮುಖವನ್ನು ನೆನಪಿಟ್ಟುಕೊಳ್ಳಲೇಬೇಕೆಂದು ಪಣತೊಟ್ಟು ದಿಟ್ಟಿಸಿದ್ದರು. ಪೊಲೀಸರು ಆರು ಫೋಟೊ ಮುಂದಿಟ್ಟರು. ಹಲವು ನಿಮಿಷ ನೋಡಿ ಅವರು ಆರಿಸಿದ್ದು ರೊನಾಲ್ಡ್ ಕಾಟನ್ ಎಂಬ ಕಪ್ಪು ವರ್ಣೀಯ ಯುವಕನ ಫೋಟೊ. ಆಮೇಲೆ ಏಳು ಮಂದಿಯನ್ನು ಸಾಲಾಗಿ ನಿಲ್ಲಿಸಿದರು. ಫೋಟೊದಲ್ಲೂ ಸಾಲಿನಲ್ಲೂ ಇದ್ದವರು ಕಾಟನ್ ಒಬ್ಬರೇ. ಆ ಮುಖ ಈಗ ಪರಿಚಿತ, ಪರಿಚಿತವಾದದ್ದು ಫೋಟೊದಿಂದಲೋ ಆ ರಾತ್ರಿಯಿಂದಲೋ ಎಂದು ಮನಸ್ಸು ಬೇರ್ಪಡಿಸಲಾರದು. ಫೋಟೊದಲ್ಲಿ ಆರಿಸಿದವನನ್ನೇ ಸಾಲಿನಲ್ಲೂ ಗುರುತಿಸಿದಿರಿ ಎಂಬ ಭರವಸೆಯ ಮಾತು ಪೊಲೀಸರಿಂದ ಬಂತು. ಅನುಮಾನ ನಿಶ್ಚಯವಾಯಿತು.

ಕಾಟನ್ ಜೈಲಿನಲ್ಲಿದ್ದಾಗ ನಿಜವಾದ ಅಪರಾಧಿ ಅದೇ ಜೈಲಿಗೆ ಬಂದ. 1987ರ ಮರುವಿಚಾರಣೆಯಲ್ಲಿ ಅವನನ್ನು ಕೋರ್ಟಿಗೆ ಕರೆತಂದು ಎದುರಿಗೆ ನಿಲ್ಲಿಸಿದಾಗಲೂ ಆ ಮಹಿಳೆಗೆ ಅವನ ಗುರುತು ಹತ್ತಲಿಲ್ಲ. ಮೂರು ವರ್ಷಗಳಲ್ಲಿ ಅವರ ನೆನಪಿನೊಳಗೆ ಕಾಟನ್ ಮುಖವೇ ಕೂತುಬಿಟ್ಟಿತ್ತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಕಾಟನ್ ಅಲ್ಲವೆಂದು ತೋರಿಸಿತು, ಆ ಇನ್ನೊಬ್ಬನಿಗೆ ತಾಳೆಯಾಯಿತು. ಅಷ್ಟರಲ್ಲಿ ಹತ್ತೂವರೆ ವರ್ಷ ಕಳೆದಿತ್ತು. ಆ ಮಹಿಳೆ ಸುಳ್ಳು ಹೇಳಿರಲಿಲ್ಲ, ಮುಂದೆ ಕಾಟನ್ ಜೊತೆ ಸೇರಿ ಇಂಥ ತಪ್ಪುಗಳ ವಿರುದ್ಧ ದುಡಿದರು.

ಬೇರೆ ಜನಾಂಗದವರ ಮುಖ ಗುರುತಿಸುವಲ್ಲಿ ನಾವು ಹೆಚ್ಚು ತಪ್ಪುತ್ತೇವೆ; ದಶಕಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2001ರ ಒಂದು ವಿಶ್ಲೇಷಣೆಯ ಪ್ರಕಾರ ಸುಳ್ಳು ಗುರುತಿನ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಹೆಚ್ಚು. ಇದು ದ್ವೇಷದ ಮಾತಲ್ಲ, ಯಾವ ಮುಖಗಳ ನಡುವೆ ಬೆಳೆದೆವು ಎಂಬುದರ ಮಾತು. ಬಿಳಿಯರಿಗೂ ಇದೆ, ಕಪ್ಪು ವರ್ಣೀಯರಿಗೂ ಇದೆ. ಹಾಗಾಗಿ ಒಳ್ಳೆಯ ಮನಸ್ಸಿದ್ದರೆ ಸಾಲದು, ವಿಧಾನ ಸರಿಯಿರಬೇಕು. ಉತ್ತರ ಕ್ಯಾರೊಲೈನಾ 2007ರಲ್ಲಿ ಕಾನೂನನ್ನೇ ಮಾಡಿತು. ಶಂಕಿತ ಯಾರೆಂದು ಗೊತ್ತಿಲ್ಲದ, ತನಿಖೆಯಲ್ಲಿ ಇಲ್ಲದ ಅಧಿಕಾರಿ ಗುರುತು ಪತ್ತೆ ಪರೇಡ್ ನಡೆಸಬೇಕು. ಶಂಕಿತ ಒಬ್ಬನೇ, ಜೊತೆಗೆ ಸಾಕ್ಷಿ ಹೇಳಿದ ವರ್ಣನೆಗೆ ಹೊಂದುವ ಕನಿಷ್ಠ ಐವರು ಇತರರು. ಎಲ್ಲರನ್ನೂ ಒಟ್ಟಿಗೆ ತೋರಿಸದೆ ಒಬ್ಬೊಬ್ಬರನ್ನಾಗಿ ತೋರಿಸಬೇಕು, ಯಾಕೆಂದರೆ ಒಟ್ಟಿಗೆ ಕಂಡರೆ ಕಣ್ಣು 'ಇವರಲ್ಲಿ ಹೆಚ್ಚು ಹೋಲುವವ ಯಾರು' ಎಂದು ಹುಡುಕುತ್ತದೆ. ಅಪರಾಧಿ ಇವರಲ್ಲಿ ಇಲ್ಲದೆಯೂ ಇರಬಹುದು ಎಂದು ಮೊದಲೇ ತಿಳಿಸಬೇಕು. ಎಷ್ಟು ಖಚಿತ ಎಂಬುದನ್ನು ಸಾಕ್ಷಿಯ ಸ್ವಂತ ಮಾತಿನಲ್ಲಿ ಆಗಲೇ ಬರೆದುಕೊಳ್ಳಬೇಕು. ಕೋರ್ಟಿಗೆ ಬರುವ ಹೊತ್ತಿಗೆ 'ಇರಬಹುದು' ಎಂಬುದು 'ಇವನೇ' ಎಂದಾಗಿರುತ್ತದೆ. ಭಾರತದಲ್ಲಿ ಗುರುತು ಪತ್ತೆ ಪರೇಡನ್ನು ಮ್ಯಾಜಿಸ್ಟ್ರೇಟರು, ಪೊಲೀಸರನ್ನು ದೂರವಿಟ್ಟು ನಡೆಸಬೇಕೆಂಬ ಪದ್ಧತಿಯ ಹಿಂದೆ ಇರುವುದೂ ಇದೇ ಭಯ. ಆದರೆ ಅದಕ್ಕೆ ಮೊದಲೇ ಫೋಟೊ ತೋರಿಸಿದ್ದರೆ, ಪತ್ರಿಕೆಯಲ್ಲಿ ಮುಖ ಬಂದಿದ್ದರೆ ಪರೇಡಿನ ಬೆಲೆ ಅಲ್ಲಿಗೇ ಮುಗಿಯಿತು.

ಹಣದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಲಬಾಮಾದ ಆಂಥೊನಿ ರೇ ಹಿಂಟನ್ ವಿರುದ್ಧ ಇದ್ದ ಮುಖ್ಯ ಸಾಕ್ಷ್ಯ, ಕೊಲೆಗೆ ಬಳಸಿದ ಗುಂಡುಗಳು ಅವರ ತಾಯಿಯ ರಿವಾಲ್ವರಿನಿಂದ ಹಾರಿದವು ಎಂಬ ಸರ್ಕಾರಿ ತಜ್ಞರ ಮಾತು. ಅದನ್ನು ಎದುರಿಸಲು ತಜ್ಞರಿಗೆ 1,000 ಡಾಲರಿಗಿಂತ ಹೆಚ್ಚು ಸಿಗುವುದಿಲ್ಲ ಎಂದು ಅವರ ವಕೀಲರು ನಂಬಿದ್ದರು. ಆ ಮಿತಿ ಆಗಲೇ ರದ್ದಾಗಿತ್ತು, ವಕೀಲರು ನೋಡಿರಲಿಲ್ಲ. ಸಿಕ್ಕಿದ ತಜ್ಞರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಸೂಕ್ಷ್ಮದರ್ಶಕ ಬಳಸಲೂ ಕಷ್ಟಪಟ್ಟರು. ಒಂದು ಕಾನೂನಿನ ಪುಟ ತಿರುವದ ತಪ್ಪಿಗೆ ಹಿಂಟನ್ ಸುಮಾರು 30 ವರ್ಷ ಮರಣದಂಡನೆಯ ಕೋಣೆಯಲ್ಲಿದ್ದು, 2015ರಲ್ಲಿ ಬಿಡುಗಡೆಯಾದರು.

ಇವೆಲ್ಲ ಒಂದೊಂದು ಬಿಡಿ ಪ್ರಕರಣವೇ? ಅಮೆರಿಕದಲ್ಲಿ ತಪ್ಪು ಶಿಕ್ಷೆಯಿಂದ ಬಿಡುಗಡೆಯಾದವರ ರಾಷ್ಟ್ರೀಯ ನೋಂದಣಿ 2022ರಲ್ಲಿ ಒಂದು ವರದಿ ಕೊಟ್ಟಿತು. ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ನೂರಕ್ಕೆ 13.6, ಬಿಡುಗಡೆಯಾದ ನಿರಪರಾಧಿಗಳಲ್ಲಿ ನೂರಕ್ಕೆ 53. ನಿರಪರಾಧಿಯಾದ ಕಪ್ಪು ವರ್ಣೀಯನಿಗೆ ಕೊಲೆ ಅಪರಾಧದಲ್ಲಿ ತಪ್ಪಾಗಿ ಶಿಕ್ಷೆಯಾಗುವ ಸಾಧ್ಯತೆ ಬಿಳಿಯನಿಗಿಂತ ಸುಮಾರು ಏಳೂವರೆ ಪಟ್ಟು, ಮಾದಕ ವಸ್ತುಗಳ ಪ್ರಕರಣದಲ್ಲಿ 19 ಪಟ್ಟು. ಎರಡೂ ಬಣ್ಣದವರು ಮಾದಕ ವಸ್ತು ಬಳಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುವಾಗ ಈ 19 ಪಟ್ಟು ಬರುವುದು ಪೊಲೀಸರು ಯಾರನ್ನು ನಿಲ್ಲಿಸಿ ಜೇಬು ತಡಕುತ್ತಾರೆ ಎಂಬುದರಿಂದ.

ಜ್ಯೂರಿಯ ವಿಷಯದಲ್ಲಿ ಕೆಲವು ರಾಜ್ಯಗಳು ಎಚ್ಚೆತ್ತಿವೆ. ವಾಷಿಂಗ್ಟನ್ ರಾಜ್ಯ 2018ರಲ್ಲಿ ನಿಯಮ ಬದಲಿಸಿತು: ಪ್ರಾಸಿಕ್ಯೂಟರ್ ಮನಸ್ಸಿನಲ್ಲಿ ಏನಿತ್ತು ಎಂದು ಸಾಬೀತು ಮಾಡಬೇಕಿಲ್ಲ; ನಿಷ್ಪಕ್ಷಪಾತವಾಗಿ ನೋಡುವ ವ್ಯಕ್ತಿಗೆ ಇದರಲ್ಲಿ ಬಣ್ಣದ ಪಾತ್ರ ಇರಬಹುದೆಂದು ಕಂಡರೆ ಆ ಸ್ಟ್ರೈಕ್ ಸಲ್ಲದು. ಪೊಲೀಸರ ಮೇಲೆ ನಂಬಿಕೆ ಇಲ್ಲ, ಸಂಬಂಧಿಕರು ಜೈಲಿಗೆ ಹೋಗಿದ್ದಾರೆ ಮುಂತಾಗಿ ಕಪ್ಪು ವರ್ಣೀಯರ ಮೇಲೆಯೇ ಹೆಚ್ಚಾಗಿ ಬಳಕೆಯಾಗುವ ಕಾರಣಗಳನ್ನು ಅಲ್ಲಿ ಮೊದಲಿಗೇ ಅನುಮಾನದಿಂದ ನೋಡಲಾಗುತ್ತದೆ. ಕ್ಯಾಲಿಫೋರ್ನಿಯಾ ಅದೇ ದಾರಿ ಹಿಡಿಯಿತು. ಅರಿಜೋನಾ ಇನ್ನೂ ಮುಂದೆ ಹೋಗಿ 2022ರ ಜನವರಿಯಿಂದ ಪೆರೆಂಪ್ಟರಿ ಸ್ಟ್ರೈಕನ್ನೇ ತೆಗೆದುಹಾಕಿದೆ. ಮಾರ್ಷಲ್ ಹೇಳಿದ್ದನ್ನು ಮಾಡಲು 35 ವರ್ಷ ಹಿಡಿಯಿತು. ನನಗೆ ಸರಿ ಎನಿಸುವುದು ಅರಿಜೋನಾದ ದಾರಿಯೇ. ಸುಳ್ಳು ಕಾರಣವನ್ನು ಹಿಡಿಯುವ ನಿಯಮಗಳನ್ನು ಎಷ್ಟೇ ಬಿಗಿ ಮಾಡಿದರೂ ಕಾರಣದ ಪಟ್ಟಿ ಅದಕ್ಕಿಂತ ಬೇಗ ಬೆಳೆಯುತ್ತದೆ.

ತೆಗೆದುಹಾಕದ ಕಡೆಗಳಲ್ಲಿ ಕನಿಷ್ಠ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಖರ್ಚೂ ಇಲ್ಲ: ಯಾರನ್ನು ಯಾರು ಹೊಡೆದುಹಾಕಿದರು, ಅವರ ಜನಾಂಗ ಯಾವುದು ಎಂದು ಪ್ರತಿ ವಿಚಾರಣೆಯ ದಾಖಲೆಯಲ್ಲಿ ಬರೆಯುವುದು. ಬಹಳಷ್ಟು ಕೋರ್ಟುಗಳು ಇದನ್ನು ಬರೆಯುವುದಿಲ್ಲ. ಎಪಿಎಂ ರಿಪೋರ್ಟ್ಸ್ ಎಂಬ ಅಮೆರಿಕದ ಸುದ್ದಿ ಸಂಸ್ಥೆಯ ಪತ್ರಕರ್ತರು ಡಿಸ್ಟ್ರಿಕ್ಟ್ ಅಟಾರ್ನಿ ಇವಾನ್ಸ್ ಅವರ ವ್ಯಾಪ್ತಿಯ ಕೋರ್ಟುಗಳನ್ನು ಸುತ್ತಿ, 1992ರಿಂದ 2017ರವರೆಗಿನ 225 ವಿಚಾರಣೆಗಳ ಒಂದು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಒಂದೊಂದಾಗಿ ಚಿತ್ರ ತೆಗೆದು ಲೆಕ್ಕ ಹಾಕಬೇಕಾಯಿತು. ಕಪ್ಪು ವರ್ಣೀಯರನ್ನು ಹೊಡೆದುಹಾಕಿದ ಪ್ರಮಾಣ ಬಿಳಿಯರದಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಎಂದು ಗೊತ್ತಾದದ್ದು ಆಗ. ಕೋರ್ಟಿನ ಗುಮಾಸ್ತರು ಒಂದು ಕಾಲಂ ತುಂಬಿಸಿದ್ದರೆ ಇದು ಮೊದಲನೆಯ ವಿಚಾರಣೆಗೂ ಮುಂಚೆಯೇ ಕಾಣಬಹುದಿತ್ತು. ಫ್ಲವರ್ಸ್ ಅವರ ಐದನೆಯ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಯಾವ ಬಣ್ಣದ ಎಷ್ಟು ಜನರನ್ನು ಹೊಡೆಯಿತು ಎಂಬುದು ದಾಖಲೆಯಲ್ಲೇ ಇಲ್ಲ. ಹಾಗಾಗಿ ಸುಪ್ರೀಂ ಕೋರ್ಟ್ ಎಣಿಸಿದ ಆ 42 ಮಂದಿಯಲ್ಲಿ ಐದನೆಯ ವಿಚಾರಣೆಯವರು ಒಬ್ಬರೂ ಸೇರಿಲ್ಲ.